ಭಾನುವಾರ ಒಪ್ಪಿಸಿಕೊಟ್ಟವರು ಬುಧವಾರ ಬೀಳುವುದೇಕೆ?

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಸಭೆಯ ಗಾಯನ ತಂಡದಲ್ಲಿದ್ದೇನೆ. ಪ್ರತಿ ಭಾನುವಾರ ಆರಾಧನೆಯಲ್ಲಿ ಕಣ್ಣೀರಿಟ್ಟು ನನ್ನನ್ನು ಕರ್ತನಿಗೆ ಪೂರ್ತಿಯಾಗಿ ಒಪ್ಪಿಸಿಕೊಡುತ್ತೇನೆ. ಬುಧವಾರವೋ ಗುರುವಾರವೋ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುತ್ತೇನೆ. ಐದಾರು ವರ್ಷಗಳಿಂದ ಹೀಗೇ ನಡೆದಿದೆ. ಇನ್ನು ಮಾಡುವುದಿಲ್ಲವೆಂದು ದೇವರ ಮುಂದೆ ಆಣೆ ಇಟ್ಟಿದ್ದೂ ಉಂಟು. ನಾನು ನಿಜವಾಗಿ ರಕ್ಷಣೆ ಹೊಂದಿದವನೇ? ಇದು ದುರಾತ್ಮದ ಕಾಟವೇ? ಹೆಂಡತಿಗೆ ಹೇಳಬೇಕೇ? ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳಬಹುದೇ?

ಉತ್ತರ: ಪ್ರಿಯ ಸಹೋದರರೇ, ಮೊದಲ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಅದು ಇತ್ಯರ್ಥವಾಗದೆ ಉಳಿದ ಮಾತು ನಿಮ್ಮ ಮನಸ್ಸಿಗೆ ಇಳಿಯುವುದಿಲ್ಲ. ಬಿದ್ದಾಗಲೆಲ್ಲ ಸಂಕಟಪಡುತ್ತೀರಿ, ಎದ್ದು ಮತ್ತೆ ಕರ್ತನ ಕಡೆಗೇ ಬರುತ್ತೀರಿ. ಸತ್ತ ಆತ್ಮಕ್ಕೆ ಈ ಸಂಕಟ ಇರುವುದಿಲ್ಲ. ಶರೀರಭಾವದ ಬಯಕೆಗೂ ಪವಿತ್ರಾತ್ಮನ ಬಯಕೆಗೂ ನಡುವೆ ಸದಾ ವಿರೋಧವಿದೆ ಎಂದು ಪೌಲನು ಗಲಾತ್ಯ 5:17ರಲ್ಲಿ ಬರೆದದ್ದು ವಿಶ್ವಾಸಿಗಳಿಗೇ. ಹೋರಾಟ ಇದೆ ಎಂದಮಾತ್ರಕ್ಕೆ ರಕ್ಷಣೆ ಇಲ್ಲ ಎಂದಾಗುವುದಿಲ್ಲ. ಆದರೆ ಇದನ್ನು ಕೇಳಿ ಹಗುರಾಗಿ ಕೂರಬೇಡಿ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂದು ಕೇಳಿ, ಎಂದಿಗೂ ಇಲ್ಲ ಎಂದು ಅದೇ ಪೌಲನು ರೋಮಾ 6ರ ಆರಂಭದಲ್ಲಿ ಉತ್ತರ ಕೊಡುತ್ತಾನೆ. ನೋಡಿದರೂ ನೋವಾಗದ ದಿನ ಬಂದರೆ, ಆಗ ಈ ಪ್ರಶ್ನೆಯನ್ನು ಭಯದಿಂದ ಕೇಳಿಕೊಳ್ಳಬೇಕು.

ಇನ್ನು ಭಾನುವಾರಕ್ಕೂ ಬುಧವಾರಕ್ಕೂ ನಡುವೆ ಏನಾಗುತ್ತದೆ ಎಂಬುದು. ಯಾಕೋಬ 4:7ರಲ್ಲಿ ಎರಡು ಆಜ್ಞೆಗಳಿವೆ: ದೇವರಿಗೆ ಅಧೀನರಾಗಿರಿ, ಸೈತಾನನನ್ನು ಎದುರಿಸಿರಿ. ಕ್ರಮವನ್ನು ಗಮನಿಸಿ. ಅಧೀನರಾಗುವುದು ಮೊದಲು, ಎದುರಿಸುವುದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು ಎರಡನೆಯದರಿಂದ ಶುರುಮಾಡುತ್ತಾರೆ, ಅದೂ ರಾತ್ರಿ ಹನ್ನೊಂದು ಗಂಟೆಗೆ, ದಣಿದ ಮೈಯಲ್ಲಿ, ಫೋನನ್ನು ಕೈಯಲ್ಲೇ ಹಿಡಿದುಕೊಂಡು. ಭಾನುವಾರವೇ ಅಧೀನನಾದೆನಲ್ಲ ಎಂದು ನೀವು ಕೇಳಬಹುದು. ಆ ಕಣ್ಣೀರು ಸುಳ್ಳಲ್ಲ. ಆದರೆ ಏನನ್ನು ಕೊಟ್ಟಿರೆಂದು ಹೆಸರು ಹಿಡಿದು ಹೇಳಿಲ್ಲ. ರೋಮಾ 6:13ರಲ್ಲಿ ಪೌಲನು ದೇವರಿಗೆ ಒಪ್ಪಿಸಲು ಹೇಳುವುದು ಅಂಗಗಳನ್ನು, ಅಂದರೆ ಈ ಕಣ್ಣು, ಈ ಕೈ, ಈ ನಾಲಿಗೆಯನ್ನು. 12:1ರಲ್ಲಿ ದೇಹವನ್ನು. ಸರ್ವಸ್ವವೂ ನಿನ್ನದೇ ಎಂದು ಹಾಡುವಾಗ ಬುಧವಾರ ರಾತ್ರಿ ಹತ್ತೂವರೆಯಿಂದ ಹನ್ನೆರಡರವರೆಗಿನ ಹೊತ್ತು ಆ ಸರ್ವಸ್ವದಲ್ಲಿ ಸೇರಿರುವುದಿಲ್ಲ. ಅದು ಇನ್ನೂ ನಿಮ್ಮ ಸ್ವಂತದ್ದಾಗಿಯೇ ಉಳಿದಿದೆ. ಹಾಗಾಗಿ ಪ್ರತಿ ವಾರ ಆ ಹೊತ್ತು ಬಂದಾಗ ನೋಡಲೋ ಬೇಡವೋ ಎಂದು ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ಆ ಗಳಿಗೆಯಲ್ಲಿ ತೀರ್ಮಾನ ಮಾಡುವವನು ಭಾನುವಾರದ ನೀವಲ್ಲ, ದಣಿದ, ಒಂಟಿಯಾದ ಇನ್ನೊಬ್ಬ.

ಆಣೆ ಇಡುವುದನ್ನು ಇವತ್ತೇ ನಿಲ್ಲಿಸಿ. ಎಲ್ಲರೂ ಬಿಟ್ಟುಹೋದರೂ ನಾನು ಬಿಡೆನು ಎಂದು ಪೇತ್ರನು ಮಾತು ಕೊಟ್ಟದ್ದು ಮತ್ತಾಯ 26:33ರಲ್ಲಿ. ಅವನ ಪ್ರೀತಿ ನಿಜವಾಗಿತ್ತು. ಆದರೆ ಅದೇ ರಾತ್ರಿ ಗೆತ್ಸೇಮನೆಯಲ್ಲಿ, ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಯೇಸು ಹೇಳಿದಾಗ ಅವನು ನಿದ್ದೆ ಮಾಡಿದ. ಕೋಳಿ ಕೂಗುವ ಮೊದಲು ಮೂರು ಸಲ ಅಲ್ಲಗಳೆದ. ಜೀವನಪೂರ್ತಿಯ ಆಣೆ ಇಟ್ಟವನಿಗೆ ಈ ರಾತ್ರಿ ಎಚ್ಚರವಾಗಿರುವ ಅಗತ್ಯ ಕಾಣುವುದಿಲ್ಲ, ಅದೇ ಅದರ ದೋಷ. ಮುರಿದ ಆಣೆಯ ಅಪರಾಧಭಾವವೂ ಮೊದಲಿನ ಪಾಪದ ಮೇಲೆ ಬಂದು ಕೂರುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿಯನ್ನು ಕೇಳುವುದು ಆ ದಿನದ ಮಟ್ಟಿಗೆ. ಶೋಧನೆಯಿಂದ ಬಿಡುಗಡೆಯನ್ನೂ ಹಾಗೆಯೇ ದಿನದ ಲೆಕ್ಕದಲ್ಲಿ ಕೇಳಿ. ಲೂಕ 9:23ರಲ್ಲಿ ಶಿಲುಬೆಯನ್ನು ಹೊತ್ತುಕೊಳ್ಳಬೇಕಾದದ್ದೂ ದಿನದಿನವೇ.

ಬೀಳುವಿಕೆ ಒಂದು ಕ್ಷಣದಲ್ಲಿ ಆಗುವುದಿಲ್ಲ ಎಂಬುದಕ್ಕೆ 2 ಸಮುವೇಲ 11ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ದಾವೀದನು ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದೆದ್ದು ಅರಮನೆಯ ಮಾಳಿಗೆಯ ಮೇಲೆ ತಿರುಗಾಡಿದ. ಸ್ನಾನಮಾಡುತ್ತಿದ್ದವಳನ್ನು ಕಂಡ. ಅಲ್ಲಿಗೆ ಬಿಡಲಿಲ್ಲ, ಆಕೆ ಯಾರೆಂದು ವಿಚಾರಿಸಲು ಆಳನ್ನು ಕಳುಹಿಸಿದ. ಊರೀಯನ ಹೆಂಡತಿ ಎಂದು ಉತ್ತರ ಬಂತು. ಆ ಉತ್ತರವೇ ದೇವರು ಅವನ ಮುಂದೆ ಇಟ್ಟ ತಡೆ. ಅದನ್ನೂ ದಾಟಿ ಕರೆಸಿಕೊಂಡ. ಆಮೇಲೆ ಮುಚ್ಚಿಡಲು ಹೋಗಿ ಊರೀಯನ ಕೊಲೆಯವರೆಗೂ ಹೋದ. ಎಷ್ಟು ಕಡೆ ನಿಲ್ಲಬಹುದಿತ್ತು ಎಂದು ಎಣಿಸಿ. ಮೊದಮೊದಲ ಹೆಜ್ಜೆಗಳಲ್ಲಿ ನಿಲ್ಲುವುದು ಸುಲಭ, ಅವು ಪಾಪದಂತೆ ಕಾಣುವುದೂ ಇಲ್ಲ. ಕೊನೆಯ ಹೆಜ್ಜೆಯಲ್ಲಿ ನಿಲ್ಲುವುದು ಬಹಳ ಕಷ್ಟ. ನೀವು ಇಷ್ಟು ವರ್ಷ ಹೋರಾಡುತ್ತಿರುವುದು ಈ ಕೊನೆಯ ಹೆಜ್ಜೆಯಲ್ಲಿ.

ಆದ್ದರಿಂದ ಮೊದಲ ವಾರ ಒಂದು ಕಾಗದದಲ್ಲಿ ನಿಮ್ಮ ದಾರಿಯನ್ನು ಬರೆಯಿರಿ. ಕಳೆದ ನಾಲ್ಕೈದು ಸಲ ಬಿದ್ದದ್ದನ್ನು ನೆನಪಿಸಿಕೊಂಡು ಪ್ರತಿಯೊಂದಕ್ಕೂ ನಾಲ್ಕು ಸಂಗತಿ ಗುರುತಿಸಿ: ಎಷ್ಟು ಗಂಟೆಗೆ, ಮನೆಯ ಯಾವ ಜಾಗದಲ್ಲಿ, ಅದಕ್ಕೆ ಮೊದಲಿನ ಎರಡು ಮೂರು ತಾಸು ಏನಾಗಿತ್ತು, ಆ ಗಳಿಗೆಯಲ್ಲಿ ನಿಮಗೆ ನೀವೇ ಏನು ಹೇಳಿಕೊಂಡಿರಿ. ಮೂರನೆಯ ಅಂಕಣದಲ್ಲಿ ಸಾಮಾನ್ಯವಾಗಿ ಸಿಗುವುದು ಆಫೀಸಿನಲ್ಲಿ ಆದ ಅವಮಾನ, ಹೆಂಡತಿಯೊಂದಿಗೆ ಮುಗಿಯದೆ ಉಳಿದ ಜಗಳ, ನಿದ್ದೆಗೆಟ್ಟ ದಿನ, ಇಲ್ಲವೇ ಬರೀ ಬೇಸರ. ನಾಲ್ಕನೆಯದು ಮುಖ್ಯ. 'ಐದು ನಿಮಿಷ ಸುದ್ದಿ ನೋಡಿ ಮಲಗುತ್ತೇನೆ', 'ಇವತ್ತು ಇಷ್ಟು ಕಷ್ಟಪಟ್ಟಿದ್ದೇನೆ' ಎಂಬಂಥ ಮಾತು ಅಲ್ಲಿರುತ್ತದೆ. ಪಾಪಕ್ಕೆ ಮೊದಲು ಒಂದು ಸುಳ್ಳು ಬರುತ್ತದೆ, ಅದನ್ನು ಗುರುತಿಸಬೇಕು. ನೋಡಿದ್ದನ್ನು ಮಾತ್ರ ವಿವರಿಸಿ ಬರೆಯಬೇಡಿ, ಆ ಬರಹವೇ ಶೋಧನೆಯಾಗುತ್ತದೆ.

ದಾರಿ ಗೊತ್ತಾದ ಮೇಲೆ ಅದನ್ನು ಆದಷ್ಟು ಹಿಂದೆಯೇ ಮುಚ್ಚಬೇಕು. ಶರೀರದ ಆಶೆಗಳನ್ನು ಪೂರೈಸುವುದಕ್ಕೆ ಏರ್ಪಾಟು ಮಾಡಬೇಡಿ ಎಂದು ರೋಮಾ 13:14 ಹೇಳುತ್ತದೆ. ಮಲಗುವ ಕೋಣೆಯಲ್ಲಿ, ದಿಂಬಿನ ಪಕ್ಕ ಚಾರ್ಜಿಗೆ ಹಾಕಿದ ಫೋನು ಅಂಥದೊಂದು ಏರ್ಪಾಟೇ. ಚಾರ್ಜರನ್ನು ಅಡುಗೆಮನೆಗೋ ಹಾಲಿಗೋ ಶಾಶ್ವತವಾಗಿ ಸಾಗಿಸಿ. ರಾತ್ರಿ ಊಟವಾದ ಕೂಡಲೇ, ಒಂಬತ್ತೂವರೆಯ ಹೊತ್ತಿಗೆ, ಫೋನು ಅಲ್ಲಿ ಹೋಗಿ ಕೂರಲಿ. ಬೆಳಗ್ಗೆ ಏಳಲು ಒಂದು ಅಲಾರಂ ಗಡಿಯಾರ ಕೊಳ್ಳಿ. 'ಅಲಾರಂಗೆ ಫೋನು ಬೇಕಲ್ಲ' ಎಂಬ ನೆಪದಿಂದಲೇ ಬಹಳ ಮನೆಗಳಲ್ಲಿ ಈ ಕ್ರಮ ಮೂರನೇ ದಿನಕ್ಕೆ ನಿಂತುಹೋಗುತ್ತದೆ. ಮನೆಯ ವೈಫೈ ರೂಟರಿನಲ್ಲಿ, ತಾಣಗಳನ್ನು ಹುಡುಕಿಕೊಡುವ ಡಿಎನ್‌ಎಸ್ ಸೇವೆಯ ವಿಳಾಸವನ್ನು 1.1.1.3 ಮತ್ತು 1.0.0.3 ಎಂದು ಬದಲಿಸಿದರೆ ಅಶ್ಲೀಲ ತಾಣಗಳಲ್ಲಿ ಹೆಚ್ಚಿನವು ತೆರೆಯುವುದಿಲ್ಲ. ಆದರೆ ಮೊಬೈಲ್ ಡೇಟಾ ಹಾಕಿದ ಕ್ಷಣ ಆ ತಡೆ ಇಲ್ಲದಂತಾಗುತ್ತದೆ. ಹಾಗಾಗಿ ಫೋನಿನೊಳಗೂ ಬೇಕು: ಐಫೋನಿನಲ್ಲಿ ಸ್ಕ್ರೀನ್ ಟೈಮ್‌ನೊಳಗೆ ವಯಸ್ಕರ ತಾಣಗಳನ್ನು ತಡೆಯುವ ಆಯ್ಕೆಯಿದೆ, ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಮೂಲಕವೋ ಫಿಲ್ಟರ್ ಆ್ಯಪ್ ಮೂಲಕವೋ ಮಾಡಬಹುದು. ಪಾಸ್‌ವರ್ಡನ್ನು ನೀವು ಇಡಬೇಡಿ, ಮುಂದೆ ಹೇಳಲಿರುವ ಸಹೋದರರ ಕೈಯಲ್ಲಿರಲಿ. ಇದ್ಯಾವುದೂ ಹೃದಯವನ್ನು ಬದಲಿಸುವುದಿಲ್ಲ, ಹಟ ಹಿಡಿದರೆ ಎಲ್ಲವನ್ನೂ ದಾಟಬಹುದು. ಇವು ಮಾಡುವುದು ಇಷ್ಟೇ: ಆಸೆಗೂ ಕೃತ್ಯಕ್ಕೂ ನಡುವೆ ಕೆಲವು ನಿಮಿಷ ತಂದುಕೊಡುತ್ತವೆ. ಪ್ರಾರ್ಥನೆಗೆ ಆ ನಿಮಿಷಗಳು ಬೇಕು.

ಬೆಳಗಿನ ಸಮರ್ಪಣೆಗೆ ಹದಿನೈದು ನಿಮಿಷ ಸಾಕು, ಆದರೆ ಫೋನು ಮುಟ್ಟುವ ಮೊದಲು ಆಗಬೇಕು. ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಆಮೇಲೆ ದಿನವನ್ನು ತುಂಡುತುಂಡಾಗಿ ದೇವರ ಮುಂದೆ ಇಡಿ. ಹೀಗೆ: 'ಕರ್ತನೇ, ಒಂಬತ್ತರ ಬಸ್ಸಿನ ಪ್ರಯಾಣ ನಿನ್ನದು. ಹನ್ನೊಂದರ ಮೀಟಿಂಗಿನಲ್ಲಿ ನನ್ನ ನಾಲಿಗೆ ನಿನ್ನದು. ಈ ತಿಂಗಳ ಸಂಬಳ ನಿನ್ನದು. ರಾತ್ರಿ ಹತ್ತೂವರೆಗೆ ನನ್ನ ಕಣ್ಣು ನಿನ್ನದು, ಫೋನು ಅಡುಗೆಮನೆಯಲ್ಲಿರುತ್ತದೆ.' ಕೊನೆಯ ವಾಕ್ಯವನ್ನು ಬಿಡಬೇಡಿ. ಮುಜುಗರವಾಗುತ್ತದೆ, ಅಷ್ಟು ಸಣ್ಣ ಸಂಗತಿಯನ್ನು ದೇವರ ಹತ್ತಿರ ಹೇಳುವುದೇ ಎನಿಸುತ್ತದೆ. ಹೇಳದೆ ಬಿಟ್ಟ ಸಣ್ಣ ಸಂಗತಿಯಲ್ಲೇ ಇಷ್ಟು ವರ್ಷ ಕಾಲು ಜಾರಿದೆ. ಪಾಪದ ಮಾತು ಮಾತ್ರ ಆಡಿ ಎದ್ದುಬಿಡಬೇಡಿ. ಹೆಂಡತಿ, ಮಕ್ಕಳ ಶಾಲೆ, ಸಾಲದ ಕಂತು, ಎಲ್ಲವನ್ನೂ ಒಪ್ಪಿಸಿ. ಒಂದೇ ಪಾಪದ ಸುತ್ತ ಪ್ರಾರ್ಥನೆಯೆಲ್ಲ ತಿರುಗಿದರೆ ಮನಸ್ಸು ಇಡೀ ದಿನ ಅದನ್ನೇ ನೋಡುತ್ತಿರುತ್ತದೆ, ಕ್ರಿಸ್ತನನ್ನಲ್ಲ.

ದಿನದ ಲೆಕ್ಕ ನೋಡಲು ಹದಿನಾರನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಕ್ರಮ ಪ್ರಾಟೆಸ್ಟಂಟರಿಗೂ ಬಹಳ ಉಪಯುಕ್ತ. ಒಂದು ನಿರ್ದಿಷ್ಟ ದೋಷದ ಬಗ್ಗೆ ಬೆಳಗ್ಗೆ ಎದ್ದ ಕೂಡಲೇ ಎಚ್ಚರ ವಹಿಸುವುದು, ಮಧ್ಯಾಹ್ನದ ಊಟದ ಮೇಲೆ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ ತಾಸುತಾಸಿನ ಲೆಕ್ಕ ನೋಡಿ, ಬಿದ್ದ ಪ್ರತಿ ಸಲಕ್ಕೂ ಕಾಗದದಲ್ಲಿ ಎಳೆದ ಗೆರೆಯ ಮೇಲೆ ಒಂದು ಗುರುತು ಹಾಕುವುದು, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸುವುದು. ರಾತ್ರಿಯ ಹೊತ್ತು ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಆಮೇಲೆ ಪರಿಶೀಲನೆ, ಅರಿಕೆ ಅಂದರೆ ಪಾಪವನ್ನು ಒಪ್ಪಿಕೊಳ್ಳುವುದು, ಕೊನೆಗೆ ನಾಳೆಯ ತೀರ್ಮಾನ. ಕೃತಜ್ಞತೆಯನ್ನು ಮೊದಲಿಗೆ ಇಟ್ಟದ್ದು ಸುಮ್ಮನೆ ಅಲ್ಲ. ಅದನ್ನು ಬಿಟ್ಟು ನೇರ ಪರಿಶೀಲನೆಗೆ ಇಳಿದರೆ ದೇವರ ಮುಂದೆ ಅಲ್ಲ, ಕಟಕಟೆಯಲ್ಲಿ ನಿಂತಂತಾಗುತ್ತದೆ. ನಿಮ್ಮ ಮಟ್ಟಿಗೆ ಮಧ್ಯಾಹ್ನದ ಎರಡು ನಿಮಿಷ ಅತ್ಯಂತ ಮುಖ್ಯ. ಬೆಳಗಿನಿಂದ ಸಿಟ್ಟು ತುಂಬಿಕೊಂಡಿದ್ದರೆ, ಯಾರದೋ ಮೇಲಿನ ಕಹಿ ಉಳಿದಿದ್ದರೆ, ಅದು ರಾತ್ರಿಯ ಬೀಳುವಿಕೆಯ ಮೊದಲ ಹೆಜ್ಜೆ. ಅದನ್ನು ಮಧ್ಯಾಹ್ನವೇ ಹಿಡಿದರೆ ರಾತ್ರಿಯ ಯುದ್ಧ ಅರ್ಧ ಮುಗಿದಂತೆ.

ಇಷ್ಟಾದರೂ ಶೋಧನೆ ಬರುತ್ತದೆ. ಕೆಟ್ಟ ಯೋಚನೆ ತಲೆಗೆ ಬಂದದ್ದೇ ಪಾಪವೆಂದು ಭಾವಿಸಬೇಡಿ. ಕರ್ತನೂ ಎಲ್ಲ ವಿಧದಲ್ಲಿ ಶೋಧಿಸಲ್ಪಟ್ಟನು, ಪಾಪ ಮಾತ್ರ ಮಾಡಲಿಲ್ಲ ಎಂದು ಇಬ್ರಿಯ 4:15 ಹೇಳುತ್ತದೆ. ಬಂದ ಯೋಚನೆಯನ್ನು ಕೂರಿಸಿಕೊಂಡು ಉಪಚರಿಸುವಲ್ಲಿ ಪಾಪ ಶುರುವಾಗುತ್ತದೆ. ಆ ಗಳಿಗೆಯಲ್ಲಿ ಮಲಗಿದಲ್ಲೇ ಪ್ರಾರ್ಥಿಸಲು ಹೋಗಬೇಡಿ. ಎದ್ದು ಜಾಗ ಬಿಡಿ, ದೀಪ ಹಾಕಿ, ಮುಖಕ್ಕೆ ನೀರು ಹಾಕಿಕೊಳ್ಳಿ. ಪೋಟೀಫರನ ಹೆಂಡತಿ ವಸ್ತ್ರ ಹಿಡಿದಾಗ ಯೋಸೇಫನು ಅದನ್ನು ಅವಳ ಕೈಯಲ್ಲೇ ಬಿಟ್ಟು ಹೊರಗೆ ಓಡಿದ. ಆಮೇಲೆ ಬಾಯಿಪಾಠವಾದ ಒಂದು ವಾಕ್ಯವನ್ನು ಕೇಳುವಂತೆ ಹೇಳಿ. ಅರಣ್ಯದಲ್ಲಿ ಸೈತಾನನಿಗೆ ಯೇಸು ಮೂರು ಸಲ ಕೊಟ್ಟ ಉತ್ತರವೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದ್ದು, ನೆನಪಿನಿಂದ ಬಂದದ್ದು. ನೂರು ವಾಕ್ಯ ಬೇಡ, ಮೂರು ಸಾಕು. 1 ಕೊರಿಂಥ 10:13, ಕೀರ್ತನೆ 119:11 ಮತ್ತು ರೋಮಾ 6:11ರಿಂದ ಶುರುಮಾಡಿ. ಆಸೆಯ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇಳಿಯುವುದೇ ಇಲ್ಲ ಎಂಬುದೂ ಆ ಹೊತ್ತಿನ ಸುಳ್ಳುಗಳಲ್ಲಿ ಒಂದು.

ಬಿಟ್ಟ ಜಾಗವನ್ನು ಖಾಲಿ ಇಡಬೇಡಿ. ಗುಡಿಸಿ ಅಲಂಕರಿಸಿದ ಖಾಲಿ ಮನೆಗೆ ದುರಾತ್ಮ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದ ಸಾಮ್ಯವನ್ನು ಮತ್ತಾಯ 12ರಲ್ಲಿ ನೋಡಿ. ಎಫೆಸ 4:28ರಲ್ಲಿ ಕಳ್ಳನು ಕಳವು ಬಿಟ್ಟರೆ ಸಾಲದು, ದುಡಿದು ಇಲ್ಲದವರಿಗೆ ಕೊಡಬೇಕು. ನಿಮಗೆ ಹತ್ತು ಗಂಟೆಯ ಜಾಗದಲ್ಲಿ ಬರಬೇಕಾದದ್ದು ಹೆಂಡತಿಯೊಂದಿಗೆ ಹದಿನೈದು ನಿಮಿಷದ ಮಾತು, ಆಮೇಲೆ ನಿದ್ದೆ. ಆಕೆ ಮಲಗುವ ಹೊತ್ತಿಗೇ ನೀವೂ ಮಲಗುವುದು ಈ ಹೋರಾಟದಲ್ಲಿ ದೊಡ್ಡ ಆತ್ಮಿಕ ಶಿಸ್ತು. ಉಪವಾಸ ಮಾಡುವುದಾದರೆ ವಾರಕ್ಕೊಮ್ಮೆ ಮಧ್ಯಾಹ್ನದ ಊಟ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಿ, ನೀರು ಕುಡಿಯಿರಿ, ಸಂಜೆ ಆರರೊಳಗೆ ಮುಗಿಸಿ. ಇಡೀ ದಿನ ಹಸಿದು, ದಣಿದು, ಸಿಡುಕುತ್ತಾ ಮನೆಗೆ ಬಂದವರು ಅದೇ ರಾತ್ರಿ ಬೀಳುವುದುಂಟು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಇಷ್ಟೆಲ್ಲ ಮಾಡಿಯೂ ಗುಟ್ಟಾಗಿ ಉಳಿದರೆ ಬಹುತೇಕ ಏನೂ ನಿಲ್ಲುವುದಿಲ್ಲ. ಅರಿಕೆಮಾಡದೆ ಸುಮ್ಮನಿದ್ದಾಗ ನನ್ನ ಎಲುಬುಗಳು ಸವೆದವು ಎಂದು ದಾವೀದನು 32ನೇ ಕೀರ್ತನೆಯಲ್ಲಿ ಹೇಳುತ್ತಾನೆ. ಯಾಕೋಬ 5:16 ಒಬ್ಬರಿಗೊಬ್ಬರು ಪಾಪಗಳನ್ನು ಒಪ್ಪಿಕೊಳ್ಳಿರಿ ಎನ್ನುತ್ತದೆ. ಕಥೋಲಿಕರಿಗೆ ಗುರುಗಳ ಮುಂದೆ ಪಾಪನಿವೇದನೆಯ ಸಂಸ್ಕಾರವಿದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಈ ಜಾಗ ಬಹಳ ಕಡೆ ಖಾಲಿ ಬಿದ್ದಿದೆ, ಅದು ನಮ್ಮ ನಷ್ಟ. ಮೊದಲು ಹಾಗಿರಲಿಲ್ಲ. 1738ರಲ್ಲಿ ಮೆಥೋಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ತನ್ನ ಪುಟ್ಟ ಗುಂಪುಗಳಿಗೆ ಬರೆದ ನಿಯಮಗಳಲ್ಲಿ ವಾರಕ್ಕೊಮ್ಮೆಯಾದರೂ ಸೇರಿ, ಹಿಂದಿನ ಸಲ ಸೇರಿದ ಮೇಲೆ ಗೊತ್ತಿದ್ದು ಮಾಡಿದ ಪಾಪ ಯಾವುದು, ಎದುರಾದ ಶೋಧನೆ ಯಾವುದು, ಅದರಿಂದ ಹೇಗೆ ಪಾರಾದಿರಿ ಎಂದು ಪ್ರತಿಯೊಬ್ಬರನ್ನೂ ಕೇಳಬೇಕಿತ್ತು. ಬೀದರ್, ಕಲಬುರಗಿ ಕಡೆಯ ನಮ್ಮ ಮೆಥೋಡಿಸ್ಟ್ ಸಭೆಗಳ ಬೇರು ಅದೇ ಪರಂಪರೆಯಲ್ಲಿದೆ. ನಿಮಗಿಂತ ವಿಶ್ವಾಸದಲ್ಲಿ ಹಿರಿಯರಾದ, ಗುಟ್ಟು ಕಾಯುವ, ನಿಮ್ಮ ನೆಂಟರಲ್ಲದ ಒಬ್ಬ ಸಹೋದರರನ್ನು ಆರಿಸಿಕೊಳ್ಳಿ. ವಾರದ ಒಂದು ದಿನ, ಒಂದು ಹೊತ್ತು, ಇಪ್ಪತ್ತು ನಿಮಿಷ ಗೊತ್ತುಮಾಡಿ. 'ಬ್ರದರ್, ಸ್ವಲ್ಪ ಕಷ್ಟದಲ್ಲಿದ್ದೇನೆ, ಪ್ರಾರ್ಥನೆ ಮಾಡಿ' ಎಂಬ ಮಾತು ಅರಿಕೆಯಲ್ಲ. ಯಾವ ಪಾಪ, ಎಷ್ಟು ಸಲ, ಯಾವ ದಿನ ಎಂದು ಹೇಳಬೇಕು. ಅದೇ ಪಾಪದಲ್ಲಿ ಸಿಕ್ಕಿಕೊಂಡಿರುವ ಗೆಳೆಯರನ್ನು ಆರಿಸಬೇಡಿ, ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನಪಡಿಸುತ್ತಾ ಅಲ್ಲೇ ಉಳಿದುಬಿಡುತ್ತೀರಿ. ಸಭೆಯ ವಾಟ್ಸ್ಆ್ಯಪ್ ಗುಂಪಂತೂ ಇದಕ್ಕೆ ಜಾಗವೇ ಅಲ್ಲ.

ದುರಾತ್ಮದ ಕಾಟವೇ ಎಂದು ಕೇಳಿದ್ದೀರಿ. ಸೈತಾನನು ಇದ್ದಾನೆ, ಶೋಧಿಸುತ್ತಾನೆ. ಆದರೆ ಪ್ರತಿಯೊಬ್ಬನನ್ನೂ ಮರುಳುಗೊಳಿಸಿ ಎಳೆಯುವುದು ಅವನವನ ಸ್ವಂತ ಆಶೆಯೇ ಎಂದು ಯಾಕೋಬ 1:14 ಸ್ಪಷ್ಟವಾಗಿ ಹೇಳುತ್ತದೆ. ಬಿಡುಗಡೆ ಪ್ರಾರ್ಥನೆಗಾಗಿ ಕೂಟದಿಂದ ಕೂಟಕ್ಕೆ ಅಲೆಯುವವರು ಬಹಳ. ಹಿರಿಯರು ನಿಮಗಾಗಿ ಪ್ರಾರ್ಥಿಸಲಿ, ಒಳ್ಳೆಯದೇ. ಕೈ ಇಟ್ಟು ಪ್ರಾರ್ಥಿಸಿದ ರಾತ್ರಿಯೂ ಫೋನು ದಿಂಬಿನ ಪಕ್ಕದಲ್ಲೇ ಇದ್ದರೆ ಏನೂ ಬದಲಾಗಿರುವುದಿಲ್ಲ. ಬೇಡದ, ಅಸಹ್ಯವಾದ ಯೋಚನೆಗಳು ತಾವಾಗಿ ನುಗ್ಗಿ, ಎಷ್ಟು ಸಲ ಅರಿಕೆ ಮಾಡಿದರೂ ನೆಮ್ಮದಿ ಸಿಗದೆ ಮತ್ತೆ ಮತ್ತೆ ಅರಿಕೆ ಮಾಡುವಂತಾದರೆ, ಅಥವಾ ಬದುಕೇ ಬೇಡವೆನಿಸಿದರೆ, ಅದು ಆರೈಕೆ ಬೇಕಾದ ಕಾಯಿಲೆ ಇರಬಹುದು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ತಿರ ಹೋಗುವುದು ಅವಿಶ್ವಾಸವಲ್ಲ.

ಬಿದ್ದ ರಾತ್ರಿ ಏನು ಮಾಡಬೇಕೆಂಬುದನ್ನೂ ಈಗಲೇ ತೀರ್ಮಾನಿಸಿಡಿ. ಆ ರಾತ್ರಿಯ ದೊಡ್ಡ ಅಪಾಯ ಎರಡನೆಯ ಬೀಳುವಿಕೆ. ಹೇಗೂ ಬಿದ್ದಾಯಿತು ಎಂದು ಇನ್ನೂ ಎರಡು ತಾಸು ಅಲ್ಲೇ ಕಳೆಯುತ್ತಾರೆ. ಆಮೇಲೆ ನಾಲ್ಕು ದಿನ ಸತ್ಯವೇದ ಮುಟ್ಟುವುದಿಲ್ಲ, ಸ್ವಲ್ಪ ಶುದ್ಧನಾದ ಮೇಲೆ ದೇವರ ಬಳಿ ಹೋಗುತ್ತೇನೆ ಎನ್ನುತ್ತಾರೆ. ಇದು ದೀನತೆಯಂತೆ ಕಾಣುತ್ತದೆ, ಒಳಗೆ ಇರುವುದು ನನ್ನ ಸಾಲ ನಾನೇ ತೀರಿಸುತ್ತೇನೆಂಬ ಹಟ. ಆ ಗಂಟೆಯಲ್ಲೇ ಮೊಣಕಾಲೂರಿ ಪಾಪವನ್ನು ಅದರ ಹೆಸರಿನಿಂದಲೇ ಹೇಳಿ. ಒಪ್ಪಿಕೊಂಡರೆ ಆತನು ಕ್ಷಮಿಸಿ ಶುದ್ಧಿಮಾಡುವನೆಂಬ 1 ಯೋಹಾನ 1:9ನ್ನು ಓದಿ, ಕ್ಷಮೆಗಾಗಿ ಕೃತಜ್ಞತೆ ಹೇಳಿ. ಸಹೋದರರಿಗೆ 'ಇವತ್ತು ಬಿದ್ದೆ' ಎಂದು ಬೆಳಗ್ಗೆಯೇ ತಿಳಿಸಿ, ವಾರದ ಭೇಟಿಗೆ ಕಾಯಬೇಡಿ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಅಲ್ಲಗಳೆದ ಪೇತ್ರನೂ ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದನು ತಿರುಗಿ ಬರಲಿಲ್ಲ. ಪೇತ್ರನು ಕರ್ತನು ಇದ್ದ ಕಡೆಗೆ ತಿರುಗಿ ಬಂದ.

ಹೆಂಡತಿಗೆ ಹೇಳಬೇಕು. ನೀವು ಅನ್ಯಾಯ ಮಾಡಿರುವುದು ಆಕೆಗೂ. ಆದರೆ ಅಪರಾಧಭಾವದ ಭಾರ ಇಳಿಸಿಕೊಳ್ಳಲು ಅರ್ಧರಾತ್ರಿ ಎಬ್ಬಿಸಿ ಹೇಳಬೇಡಿ. ಮೊದಲು ಸಭೆಯ ಪಾಲಕರ (ಪಾಸ್ಟರರ) ಹತ್ತಿರ ಮಾತಾಡಿ, ಮೇಲಿನ ಕ್ರಮಗಳನ್ನು ಎರಡು ಮೂರು ವಾರ ನಡೆಸಿ, ಮಕ್ಕಳಿಲ್ಲದ ಬಿಡುವಿನ ಹೊತ್ತು ನೋಡಿ ಹೇಳಿ. ತಿಂಗಳುಗಟ್ಟಲೆ ಮುಂದೂಡಿದರೆ ಅದು ಮುಚ್ಚಿಡುವುದೇ ಆಗುತ್ತದೆ. ಸತ್ಯ ಪೂರ್ತಿ ಹೇಳಿ, ದೃಶ್ಯಗಳ ವಿವರ ಹೇಳಬೇಡಿ. ಒಂದಿಷ್ಟು ಈಗ, ಒಂದಿಷ್ಟು ಆರು ತಿಂಗಳ ಮೇಲೆ ಎಂದು ಕಂತಿನಲ್ಲಿ ಹೊರಬಂದರೆ ಆಕೆಯ ನಂಬಿಕೆ ಪ್ರತಿ ಸಲವೂ ಮೊದಲಿನಿಂದ ಮುರಿಯುತ್ತದೆ. ಆಕೆ ಅತ್ತರೆ, ಸಿಟ್ಟಾದರೆ, ದಿನಗಟ್ಟಲೆ ಮಾತಾಡದಿದ್ದರೆ ಸಹಿಸಿಕೊಳ್ಳಿ. ಕ್ರೈಸ್ತಳಾದ ಮೇಲೆ ಕ್ಷಮಿಸಬೇಕು ಎಂದು ವಾಕ್ಯ ಎತ್ತಿ ತೋರಿಸುವ ಹಕ್ಕು ತಪ್ಪು ಮಾಡಿದವರಿಗಿಲ್ಲ. ನಿಮ್ಮನ್ನು ಕಾಯುವ ಕೆಲಸವನ್ನೂ ಆಕೆಗೆ ಹೊರಿಸಬೇಡಿ, ಅದು ಸಹೋದರರದ್ದು. ಆಕೆಗೂ ಮನಸ್ಸು ಬಿಚ್ಚಿ ಮಾತಾಡಲು ಸಭೆಯ ಒಬ್ಬ ಹಿರಿಯ ಸಹೋದರಿ ಬೇಕಾಗಬಹುದು, ಯಾರೆಂದು ಆಕೆಯೇ ಆರಿಸಲಿ.

ಕರ್ತನ ಭೋಜನದ ಬಗ್ಗೆ 1 ಕೊರಿಂಥ 11:28 ಹೇಳುವುದು ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ, ಆ ಪಾತ್ರೆಯಲ್ಲಿ ಕುಡಿಯಲಿ ಎಂದು. ಪರೀಕ್ಷಿಸಿಕೊಂಡು ದೂರ ಇರಲಿ ಎಂದಲ್ಲ. ಪಾಪವನ್ನು ಬಿಡುವ ಮನಸ್ಸೇ ಇಲ್ಲದೆ, ಮುಚ್ಚಿಟ್ಟುಕೊಂಡು, ಮುಖ ತೋರಿಸಲು ಮೇಜಿಗೆ ಹೋಗುವುದು ಭಯಂಕರ. ಅರಿಕೆ ಮಾಡಿ ಹೋರಾಡುತ್ತಿರುವವರಿಗೆ ಆ ಮೇಜು ಬಲ ಕೊಡುತ್ತದೆ. ಕಥೋಲಿಕರು ಪಾಪನಿವೇದನೆ ಮಾಡಿ ಹೋಗಬೇಕು, ಅವರ ಸಭೆಯ ಕ್ರಮ ಅದು. ನಿಮ್ಮ ಸಭೆಯಲ್ಲಿ ಭೋಜನವಿರುವ ಭಾನುವಾರದ ಹಿಂದಿನ ರಾತ್ರಿ 51ನೇ ಕೀರ್ತನೆಯನ್ನು ಓದಿ ಅರಿಕೆ ಮಾಡಿ, ಯಾರ ಮೇಲಾದರೂ ಕಹಿ ಇದ್ದರೆ ಫೋನು ಮಾಡಿ ಸರಿಪಡಿಸಿಕೊಳ್ಳಿ, ಬೆಳಗ್ಗೆ ಹೋಗಿ ಪಾಲು ತೆಗೆದುಕೊಳ್ಳಿ. ಗಾಯನ ತಂಡದ ವಿಷಯದಲ್ಲಿ ಮಾತ್ರ ನೀವೇ ತೀರ್ಮಾನಿಸಬೇಡಿ. ಪಾಲಕರಿಗೆ ಸಂಗತಿ ತಿಳಿಸಿ, ಕೆಲವು ತಿಂಗಳು ಕೆಳಗೆ ಕೂತು ಹಾಡಿ ಎಂದರೆ ಅದಕ್ಕೂ ಒಪ್ಪಿಕೊಳ್ಳಿ.